ಹಾರಲಾಂಪಿಗೆ ಬೇಕಾದವಳು

ನಮ್ಮೂರಿನಲ್ಲಿ ಬಡವರು ಒಬ್ಬರೂ ಇಲ್ಲ. ಬೇಕಾದರೆ ಯಾರನ್ನಾದರೂ ಕೇಳಿ ನೋಡಿ. ಅಂಗಿ ಹೊಲಿಯುವ ಕಾರ್ಖಾನೆ ಬಾಗಿಲು ಮುಚ್ಚಿ ಇಪ್ಪತ್ತು ವರ್ಷವಾಯಿತು, ಊರಿನ ಅರ್ಧ ಕಿಟಕಿಗಳಲ್ಲಿ ಗಾಜಿನ ಜಾಗಕ್ಕೆ ರಟ್ಟು ಬಂದು ಕೂತಿದೆ, ಕೈಕಾಲು ಗಟ್ಟಿಯಿದ್ದವರೆಲ್ಲ ಸ್ಪೇನು, ಜರ್ಮನಿ ಸೇರಿಕೊಂಡಿದ್ದಾರೆ. ಆದರೂ ಬಡವರು ಯಾರು ಎಂದು ಕೇಳಿದರೆ ಪಕ್ಕದ ಬೀದಿಯವರನ್ನು ತೋರಿಸುತ್ತಾರೆ. ಪಕ್ಕದ ಬೀದಿಯವರು ಊರಾಚೆ ಜಿಪ್ಸಿಗಳಿರುವ ರೋಮಾ ಕೇರಿಯ ಕಡೆ ಕೈ ಮಾಡುತ್ತಾರೆ. ರೋಮಾ ಕೇರಿಯವರು ಕೇರಿಯ ಕೊನೆಯ ತಗಡಿನ ಮನೆಗಳ ಕಡೆ ತೋರಿಸುತ್ತಾರೆ. ತಗಡಿನ ಮನೆಗಳ ಆಚೆ ಡ್ಯಾನ್ಯೂಬ್ ನದಿ ಬಿಟ್ಟರೆ ಬೇರೇನೂ ಇಲ್ಲವಾದ್ದರಿಂದ ಅವರು ನದಿಯಾಚೆಯ ರೊಮೇನಿಯಾ ದೇಶವನ್ನು ತೋರಿಸುತ್ತಾರೆ.

ದಾಫಿನಾ ಅಂತೂ ಬಡವಿ ಅಲ್ಲವೇ ಅಲ್ಲ. ಅರವತ್ತಾರು ವರ್ಷ, ನೆಟ್ಟಗಿನ ಬೆನ್ನು, ಕೊರಳಿಗೆ ನರಿ ತುಪ್ಪಳದ ಪಟ್ಟಿಯಿರುವ ಹಳೆಯ ಕೋಟು. ಕಾರ್ಖಾನೆಯಲ್ಲಿ ಮೂವತ್ತು ಹೊಲಿಗೆ ಯಂತ್ರಗಳ ಸಾಲಿಗೆ ಮೇಸ್ತ್ರಿಯಾಗಿದ್ದವಳು. ಕಾಲರು ಒಂದು ದಾರದಷ್ಟು ಓರೆಯಾದರೂ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದವಳು. ಈಗ ಕಾರ್ಖಾನೆಯ ಹಳೇ ಹಾಸ್ಟೆಲಿನ ಮೂರನೇ ಮಹಡಿಯಲ್ಲಿ ಒಂದು ಕೋಣೆ. ಪಿಂಚಣಿ ಬಂದ ದಿನ ಔಷಧಿ ಅಂಗಡಿಗೂ ಕರೆಂಟಿನವರಿಗೂ ತೆತ್ತು ಬಂದರೆ ಉಳಿದ ದಿನಗಳಿಗೆ ಬೀನ್ಸ್ ಕಾಳು ಮತ್ತು ಬ್ರೆಡ್ಡು. ಚಳಿಗಾಲದಲ್ಲಿ ಫ್ರಿಜ್ಜಿನ ತಂತಿ ಕಿತ್ತಿಡುತ್ತಾಳೆ. ಕೇಳಿದರೆ ಅದರ ಸದ್ದಿಗೆ ತಲೆನೋವು ಬರುತ್ತದೆ, ಡಾಕ್ಟರು ಬೇಡ ಎಂದಿದ್ದಾರೆ. ಮಾಂಸ ಬಿಟ್ಟದ್ದು ಕರುಳಿನ ಡಾಕ್ಟರು ಹೇಳಿದ್ದಕ್ಕೆ. ಬಸ್ಸು ಬಿಟ್ಟದ್ದು ಮಂಡಿಯ ಡಾಕ್ಟರು ಹೇಳಿದ್ದಕ್ಕೆ. ಹೀಗೆ ಆ ಕೋಣೆಯಲ್ಲಿ ಇಲ್ಲದ ಪ್ರತಿಯೊಂದು ವಸ್ತುವಿಗೂ ಒಬ್ಬೊಬ್ಬ ಡಾಕ್ಟರು ಹೊಣೆಯಾಗಿದ್ದರು.

ಆದರೆ ಹೊಟ್ಟೆಗೆ ಡಾಕ್ಟರ ಮಾತು ಎಷ್ಟು ದಿನ ಕೇಳಿಸೀತು? ಅದಕ್ಕೆ ದಾಫಿನಾ ಸತ್ತವರನ್ನು ನಂಬಿಕೊಂಡಿದ್ದಳು. ನಮ್ಮಲ್ಲಿ ಯಾರಾದರೂ ಸತ್ತರೆ ಅವರ ಫೋಟೋ ಹಾಕಿದ ಕಾಗದವನ್ನು ಮನೆಬಾಗಿಲಿಗೆ, ದೀಪದ ಕಂಬಕ್ಕೆ, ಬಸ್ ನಿಲ್ದಾಣದ ಗೋಡೆಗೆ ಅಂಟಿಸುತ್ತಾರೆ. ಒಂಬತ್ತನೇ ದಿನ, ನಲವತ್ತನೇ ದಿನ, ಆರು ತಿಂಗಳು, ವರ್ಷ, ಹೀಗೆ ಪ್ರತಿ ಸಲವೂ ಹೊಸ ಕಾಗದ, ಪ್ರತಿ ಸಲವೂ ಊಟ. ವರ್ಷಕ್ಕೆ ಮೂರು ಸಲ ಸತ್ತವರ ಶನಿವಾರ ಬರುತ್ತದೆ. ಅಂದು ಇಡೀ ಊರು ಸ್ಮಶಾನದಲ್ಲಿರುತ್ತದೆ. ಸಕ್ಕರೆ, ಆಕ್ರೋಟಿನ ಪುಡಿ ಬೆರೆಸಿದ ಬೇಯಿಸಿದ ಗೋಧಿ, ದುಂಡನೆ ರೊಟ್ಟಿ, ಪದರಪದರವಾಗಿ ಚೀಸು ತುಂಬಿದ ಬಾನಿತ್ಸಾ, ವೈನು, ಎಲ್ಲವನ್ನೂ ಗೋರಿಯ ಮೇಲೆ ಹರಡಿ ಹೋಗಿಬರುವವರಿಗೆಲ್ಲ ಹಂಚುತ್ತಾರೆ. ತೆಗೆದುಕೊಂಡವರು ಸತ್ತವರ ಹೆಸರು ಹೇಳಿ "ದೇವರು ಕ್ಷಮಿಸಲಿ" ಎನ್ನಬೇಕು. ಇಲ್ಲಿ ತಿಂದದ್ದು ಅಲ್ಲಿಗೆ ಮುಟ್ಟುತ್ತದೆ ಎಂಬುದು ನಂಬಿಕೆ.

ಈ ನಂಬಿಕೆ ದಾಫಿನಾಳಿಗೆ ದೇವರೇ ಕಳಿಸಿದ್ದು. ಅವಳು ತಿನ್ನುತ್ತಿರಲಿಲ್ಲ, ಮುಟ್ಟಿಸುತ್ತಿದ್ದಳು. ಅವಳ ಹೊಟ್ಟೆ ಬರೀ ಅಂಚೆಕಚೇರಿ. ಬೆಳಿಗ್ಗೆ ಎದ್ದು ಕಂಬಗಳನ್ನು ಓದಿಕೊಂಡು ಬರುತ್ತಿದ್ದಳು. ಕಪ್ಪು ಶಾಲು ಹೊದ್ದು ಸರಿಯಾದ ಮನೆಗೆ ಸರಿಯಾದ ಹೊತ್ತಿಗೆ ಹೋಗಿ, "ನಾನು ಅವರ ಜೊತೆ ಕಾರ್ಖಾನೆಯಲ್ಲಿದ್ದೆ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಕೊಟ್ಟದ್ದನ್ನು ಮೊದಲ ಸಲಕ್ಕೆ ಬೇಡ ಅನ್ನುತ್ತಿದ್ದಳು. ಪ್ಲಾಸ್ಟಿಕ್ ಚೀಲವನ್ನು ಯಾವತ್ತೂ ಒಯ್ಯುತ್ತಿರಲಿಲ್ಲ, ಏಕೆಂದರೆ ಚೀಲ ತರುವವರು ಭಿಕಾರಿಗಳು. ಅವಳದು ಬೆತ್ತದ ಬುಟ್ಟಿ, ಅದಕ್ಕೆ ಇಸ್ತ್ರಿ ಹಾಕಿದ ಕಸೂತಿ ಬಟ್ಟೆ. ಸೆವ್ದಾಳಂಥವರು ಚೀಲ ಹಿಡಿದು ನೇರವಾಗಿ ಬಂದು ನಿಂತರೆ ದಾಫಿನಾ ಮೂಗು ಮುರಿಯುತ್ತಿದ್ದಳು. ಸೆವ್ದಾ ರೋಮಾ ಕೇರಿಯವಳು, ಐವತ್ತರ ಆಸುಪಾಸು, ಹೊರದೇಶ ಸೇರಿದವರು ಕಳಿಸುವ ಕಾಸಿಗೆ ಅವರ ಮನೆಯವರ ಗೋರಿಗಳನ್ನು ಗುಡಿಸಿ ತೊಳೆದು ಜೀವನ ಮಾಡುವವಳು. ಸ್ಮಶಾನದಲ್ಲಿ ದುಡಿದು ತಿನ್ನುತ್ತಿದ್ದವಳು ಅವಳೊಬ್ಬಳೇ ಎಂಬುದು ಬೇರೆ ಮಾತು.

ದಾಫಿನಾಳಿಗೆ ನಿಜವಾಗಿ ಭಯವಿದ್ದದ್ದು ಎಲ್ಕಾ ಎಂಬವಳದು. ಎಲ್ಕಾ ಹಿಂದೆ ಅವಳ ಸಾಲಿನಲ್ಲಿ ಕಾಲರು ಹೊಲಿಯುತ್ತಿದ್ದಳು, ಸದಾ ಓರೆಯಾಗಿ. ಈಗ ಅವಳ ಮಗನಿಗೆ ಎರಡು ದಿನಸಿ ಅಂಗಡಿ. ಅವಳು ಹಂಚುವ ಬಾನಿತ್ಸಾಗೆ ನಿಜವಾದ ಬೆಣ್ಣೆ. ದಾಫಿನಾಳನ್ನು ಕಂಡರೆ ಎಲ್ಕಾಳ ತಲೆ ತಾನಾಗಿ ಒಂದು ಕಡೆಗೆ ವಾಲುತ್ತಿತ್ತು, ಬಾಯಿಂದ "ಅಯ್ಯೋ ಪಾಪ" ಎಂಬುದು ಹೊರಡಲು ತುದಿಗಾಲಲ್ಲಿ ನಿಂತಿರುತ್ತಿತ್ತು. ಆ ಎರಡು ಶಬ್ದ ತನ್ನ ಮುಖದೆದುರು ಬಿದ್ದ ದಿನ ತಾನು ಸತ್ತಂತೆಯೇ ಎಂದು ದಾಫಿನಾ ತೀರ್ಮಾನಿಸಿದ್ದಳು.

ಫೆಬ್ರವರಿಯ ಸತ್ತವರ ಶನಿವಾರ ಆ ಗಂಡಾಂತರ ಬಂದೇಬಿಟ್ಟಿತು. ಸ್ಮಶಾನದ ಗೇಟಿನಲ್ಲಿ ಹೊಸ ಕಾವಲುಗಾರ ನಿಂತಿದ್ದ. ಭಿಕಾರಿಗಳ ಕಾಟ ಹೆಚ್ಚಾಗಿದೆ, ಒಳಗೆ ಗೋರಿ ಇದ್ದವರನ್ನು ಮಾತ್ರ ಬಿಡಬೇಕು ಎಂದು ಅಪ್ಪಣೆಯಾಗಿತ್ತಂತೆ.

"ಯಾರ ಗೋರಿಗಮ್ಮಾ?" ಎಂದು ಕೇಳಿದ.

ದಾಫಿನಾ ಬುಟ್ಟಿಯ ಬಟ್ಟೆ ಸರಿಮಾಡಿಕೊಂಡಳು. ಅವಳಿಗೆ ಗೋರಿಯೇ ಇರಲಿಲ್ಲ. ಗಂಡ ಬಿಟ್ಟುಹೋಗಿ ಎಲ್ಲಿ ಸತ್ತನೋ ಗೊತ್ತಿಲ್ಲ. ಅಪ್ಪ ಅಮ್ಮ ಹುಟ್ಟೂರಿನಲ್ಲಿ ಮಣ್ಣಾಗಿದ್ದರು. ಆ ಊರನ್ನು, ಅದರ ಚರ್ಚು, ಗೋರಿಗಳ ಸಮೇತ, ಸರ್ಕಾರ ಅಣೆಕಟ್ಟಿನ ನೀರಿನಲ್ಲಿ ಮುಳುಗಿಸಿ ನಲವತ್ತು ವರ್ಷವಾಗಿತ್ತು. ಹಿಂದೆ ಎಲ್ಕಾ ಮತ್ತು ಅವಳ ಗೆಳತಿಯರು ಬುಟ್ಟಿ ಹಿಡಿದು ಬರುತ್ತಿರುವುದು ಕಾಣುತ್ತಿತ್ತು.

"ಮೇಣದಬತ್ತಿ ಮರೆತೆ" ಎಂದು ಹೇಳಿ ದಾಫಿನಾ ಗೋಡೆಯ ಮೂಲೆಗೆ ತಿರುಗಿಕೊಂಡಳು.

ಅಲ್ಲಿ ಸೆವ್ದಾ ನಲ್ಲಿಯಡಿ ಬಕೆಟ್ ಇಟ್ಟು ನೀರು ತುಂಬಿಸುತ್ತಿದ್ದಳು. ಎಲ್ಲವನ್ನೂ ನೋಡಿದ್ದಳು.

"ಏನ್ ಮೇಸ್ತ್ರಿಯಮ್ಮಾ, ಚೆಕ್ಕಿಂಗ್‌ನಲ್ಲಿ ಸಿಕ್ಕಾಕ್ಕೊಂಡ್ರಾ?"

"ನಿನ್ನ ಕೆಲಸ ನೀನು ನೋಡ್ಕೋ."

"ನೋಡ್ಕೋತಾನೇ ಇದ್ದೀನಿ. ಆರನೇ ವಿಭಾಗ, ಎರಡನೇ ಸಾಲು. ಹಾರಲಾಂಪಿ ತೋನ್ಚೆವ್ ಅಂತ ಒಬ್ಬ ಮಲಗಿದ್ದಾನೆ. ನಾಕು ವರ್ಷದಿಂದ ನರಪಿಳ್ಳೆ ತಲೆ ಹಾಕಿಲ್ಲ. ನನಗೂ ಯಾರೂ ಕಾಸು ಕಳಿಸಲ್ಲ, ಅದಕ್ಕೇ ಗುಡಿಸಲ್ಲ. ಬೇಕಾದ್ರೆ ಇಟ್ಕೊಳಿ."

"ಏನು ಮಾತಾಡ್ತಿದ್ದೀಯಾ? ಗೊತ್ತಿಲ್ಲದವನ ಗೋರಿನ ಇಟ್ಕೊಳ್ಳೋದಾ?"

"ಅವನೇನು ಬೇಡ ಅಂತಾನಾ?" ಎಂದು ಸೆವ್ದಾ ಬಕೆಟ್ ಎತ್ತಿಕೊಂಡಳು. "ಎಲ್ಕಾ ಬಂದ್ಳು ನೋಡಿ. ಬೇಗ ಹೇಳಿ."

ದಾಫಿನಾ ನೆಟ್ಟಗೆ ಗೇಟಿಗೆ ಹೋದಳು. "ಹಾರಲಾಂಪಿ ತೋನ್ಚೆವ್. ಆರನೇ ವಿಭಾಗ, ಎರಡನೇ ಸಾಲು" ಎಂದಳು, ಅಂಗಿಯ ಅಳತೆ ಹೇಳುವ ದನಿಯಲ್ಲಿ. ಕಾವಲುಗಾರ ಪುಸ್ತಕ ನೋಡಿ ಟೋಪಿ ಮುಟ್ಟಿಕೊಂಡ.

ಹಾರಲಾಂಪಿಯ ಕಲ್ಲಿನ ಮೇಲೆ ಮೊಟ್ಟೆಯಾಕಾರದ ಫೋಟೋ ಇತ್ತು. ಪಾಪ, ನೋಡಲು ಹೇಳಿಕೊಳ್ಳುವಂಥವನಲ್ಲ. ಚಾಚಿಕೊಂಡ ಎರಡು ಕಿವಿ, ನಡುವೆ ಒಂದು ಅನುಮಾನದ ಮುಖ. ದಾಫಿನಾ ಕಳೆ ಕಿತ್ತು, ಕರವಸ್ತ್ರದಿಂದ ಮುಖ ಒರೆಸಿದಳು. ಅಷ್ಟರಲ್ಲಿ ಎಲ್ಕಾ ಹಿಂದೆ ಬಂದು ನಿಂತಿದ್ದಳು.

"ದಾಫಿನಕ್ಕಾ, ಇದ್ಯಾರು? ನಿಮಗೆ ಇಲ್ಲಿ ಯಾರೂ ಇಲ್ಲ ಅಂದ್ಕೊಂಡಿದ್ದೆ."

"ಬೇಕಾದವರು" ಎಂದಳು ದಾಫಿನಾ.

"ಅಂದ್ರೆ, ಸಂಬಂಧಿಕರಾ?"

"ಎಲ್ಲಾನೂ ಬಾಯಿಬಿಟ್ಟು ಹೇಳೋಕಾಗತ್ತಾ ಎಲ್ಕಾ? ಏಳು ವರ್ಷದ ಪರಿಚಯ" ಎಂದು ದಾಫಿನಾ ಫೋಟೋದ ಕಿವಿಗಳನ್ನು ಇನ್ನೊಮ್ಮೆ ಒರೆಸಿದಳು. ಎಲ್ಕಾಳ ತಲೆ ವಾಲಲಿಲ್ಲ, ನೆಟ್ಟಗೆ ನಿಂತಿತು. ಅವಳು ಎರಡು ತುಂಡು ಬಾನಿತ್ಸಾ ಕೊಟ್ಟಳು, ಪಾಪದವರಿಗೆ ಕೊಡುವ ಹಾಗಲ್ಲ, ಗೋರಿ ಇದ್ದವರು ಗೋರಿ ಇದ್ದವರಿಗೆ ಕೊಡುವ ಹಾಗೆ. ಆ ಎರಡರಲ್ಲಿ ಒಂದನ್ನು ದಾಫಿನಾ ಹಾರಲಾಂಪಿಯ ಹೆಸರಿನಲ್ಲಿ ಮುಂದಿನ ಗೋರಿಯವರಿಗೆ ಕೊಟ್ಟಳು. ಅವರು ಕೊಟ್ಟ ಕೇಕನ್ನು ಅದರ ಮುಂದಿನವರಿಗೆ. ಎಲ್ಕಾಳ ಬಾನಿತ್ಸಾ ಆ ದಿನ ಇಡೀ ಆರನೇ ವಿಭಾಗ ಸುತ್ತಿ ಬಂತು. ಹೋಗುವಾಗ ದಾಫಿನಾಳ ಬುಟ್ಟಿಯೂ ತುಂಬಿತ್ತು, ಎದೆಯೂ ಉಬ್ಬಿತ್ತು. ಕೊಟ್ಟು ತಗೊಂಡವಳನ್ನು ಭಿಕಾರಿ ಎನ್ನಲು ಯಾರಪ್ಪನಿಂದಲೂ ಆಗುವುದಿಲ್ಲವಲ್ಲ.

ವಸಂತವೆಲ್ಲ ಅವಳಿಗೆ ಹಾರಲಾಂಪಿಯದೇ ಧ್ಯಾನ. ಅವನಿಗೆ ಕುರಿಹಾಲಿನ ಚೀಸು ಇಷ್ಟವೆಂದು ತೀರ್ಮಾನಿಸಿದಳು. ಮುಂಗೋಪಿ, ಆದರೆ ಒಳ್ಳೆಯವನು. ಹಣ್ಣಿನ ಸಾರಾಯಿ ರಾಕಿಯಾ ಕುಡಿಯುತ್ತಿದ್ದ, ಮಿತಿಯಲ್ಲಿ. ಬದುಕಿದ್ದ ಗಂಡ ಕೊಡದ ಮರ್ಯಾದೆಯನ್ನು ಈ ಸತ್ತವನು ಕೊಟ್ಟಿದ್ದ, ಅದೂ ಒಂದು ಮಾತೂ ಎದುರಾಡದೆ.

ಜೂನ್ ತಿಂಗಳ ಶನಿವಾರ ಗೋರಿಗಳ ಮೇಲೆ ಆಕ್ರೋಟಿನ ಎಲೆ ಹಾಸುವುದು ಪದ್ಧತಿ. ದಾಫಿನಾ ಹಸಿ ಎಲೆ ಹಾಸಿ, ಎಲ್ಕಾ ಮತ್ತು ಅವಳ ಮೂವರು ಗೆಳತಿಯರಿಗೆ ಹಾರಲಾಂಪಿಯ ಚೀಸಿನ ಚಪಲವನ್ನು ವರ್ಣಿಸುತ್ತಿದ್ದಳು. ಆಗ ಗಾಲಿಯ ಪೆಟ್ಟಿಗೆಯನ್ನು ಕಲ್ಲುದಾರಿಯ ಮೇಲೆ ಗಡಗಡ ಎಳೆದುಕೊಂಡು ಒಬ್ಬಳು ಬಂದಳು. ಎಪ್ಪತ್ತರ ಹತ್ತಿರದ ಹೆಂಗಸು, ಬಿಸಿಲಿಗೆ ಕಪ್ಪಾದ ತೋಳು, ತಲೆಯ ಮೇಲೆ ಇಟಲಿಯ ಕಪ್ಪು ಕನ್ನಡಕ. ಗೋರಿಯ ಮುಂದೆ ನಿಂತು ಎಲೆಗಳನ್ನು ನೋಡಿದಳು, ಫೋಟೋ ನೋಡಿದಳು, ದಾಫಿನಾಳ ಕರವಸ್ತ್ರ ನೋಡಿದಳು.

"ಯಾರಮ್ಮಾ ನೀನು?" ಎಂದಳು. "ನಾನು ಮಿಂಕಾ. ಅಲ್ಲಿ ಮಲಗಿರೋನ ಹೆಂಡ್ತಿ."

ಆರನೇ ವಿಭಾಗದಲ್ಲಿ ಅಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು. ಸೆವ್ದಾ ಎರಡು ಗೋರಿ ಆಚೆ ಬಕೆಟ್ ಹಿಡಿದು ಹಾಗೇ ಬಗ್ಗಿದಳು, ಕಾಣದಂತೆ. ದಾಫಿನಾಳ ಮುಂದೆ ಎರಡೇ ದಾರಿಯಿದ್ದವು. ಒಂದು, ನಿಜ: ಎರಡು ತುಂಡು ಬಾನಿತ್ಸಾಗೋಸ್ಕರ ಕಂಡವರ ಗೋರಿ ಕದ್ದವಳು. ಎಲ್ಕಾಳ ತಲೆ ಆಗಲೇ ಒಂದು ಕಡೆಗೆ ವಾಲತೊಡಗಿತ್ತು, ತುಟಿಗಳ ಮೇಲೆ "ಅ" ಮೂಡಿತ್ತು. ದಾಫಿನಾ ಇನ್ನೊಂದು ದಾರಿ ಹಿಡಿದಳು.

"ನಾನು ಅವರಿಗೆ ಬೇಕಾಗಿದ್ದವಳು" ಎಂದಳು, ಗದ್ದ ಎತ್ತಿ.

"ಬೇಕಾಗಿದ್ದವಳು ಅಂದ್ರೆ?"

"ಹೆಂಗಸಾಗಿ ನಿಮಗೆ ಬಿಡಿಸಿ ಹೇಳ್ಬೇಕಾ? ಏಳು ವರ್ಷ."

ಎಲ್ಕಾಳ ಕೈಯಿಂದ ಪಿಂಗಾಣಿ ತಟ್ಟೆ ಜಾರಿತು. ಮಿಂಕಾ ದಾಫಿನಾಳನ್ನು ಮುಖದಿಂದ ಹರಿದ ಶೂವರೆಗೂ ನೋಡಿದಳು. ಆಮೇಲೆ ಪೆಟ್ಟಿಗೆಯ ಹಿಡಿ ಬಿಟ್ಟು, ನದಿಯಾಚೆಗೂ ಕೇಳುವಂತೆ ಬಾಯಿ ತೆರೆದಳು.

"ಅಯ್ಯೋ ಮನೆಹಾಳಿ! ನನ್ನ ಸಂಸಾರಕ್ಕೆ ಕೊಳ್ಳಿ ಇಟ್ಟವಳೇ! ಬಾ ಇಲ್ಲಿ, ನಿನ್ನ ಜುಟ್ಟು ಹಿಡಿದು ಎರಡು ಮಾತು ಕೇಳ್ಬೇಕು!" ಎಂದು ಅವಳ ತೋಳು ಹಿಡಿದು ಎಳೆದುಕೊಂಡು ಹೋಗಿ ದೊಡ್ಡ ಚೆಸ್ಟ್‌ನಟ್ ಮರದ ಹಿಂದೆ ನಿಲ್ಲಿಸಿದಳು. ಅಲ್ಲಿ ಅವಳ ದನಿ ತಟ್ಟನೆ ತಗ್ಗಿತು.

"ಏಳು ವರ್ಷವಾ? ನನ್ನ ಗಂಡ ಸಾಯೋಕೆ ಮುಂಚೆ ಒಂಬತ್ತು ವರ್ಷ ಮಲಗಿದ ಕಡೇನೇ. ಮಗ್ಗಲು ಬದಲಾಯಿಸೋಕೂ ನಾನೇ ಬೇಕಿತ್ತು, ಊರಿಗೆ ಗೊತ್ತಾಗದ ಹಾಗೆ ಬಾಗಿಲು ಹಾಕ್ಕೊಂಡು. ನೀನು ಯಾವ ಕಿಟಕಿಯಿಂದ ಬರ್ತಿದ್ದೆ?"

ದಾಫಿನಾ ಬುಟ್ಟಿ ಕೆಳಗಿಟ್ಟಳು. ಮರಕ್ಕೆ ಒರಗಿಕೊಂಡಳು. "ನನಗೆ ಗೋರಿ ಇರಲಿಲ್ಲ" ಎಂದಳು. "ಗೇಟಲ್ಲಿ ಬಿಡ್ತಿರಲಿಲ್ಲ."

ಮಿಂಕಾ ಅವಳ ಬುಟ್ಟಿಯ ಮೇಲಿದ್ದ ಬಟ್ಟೆ ಎತ್ತಿ ಒಳಗೆ ನೋಡಿದಳು, ಮತ್ತೆ ಮುಚ್ಚಿದಳು. ಇಟಲಿಯ ಬಾರಿ ಪಟ್ಟಣದಲ್ಲಿ ನಾಲ್ಕು ವರ್ಷದಿಂದ ಒಬ್ಬ ಮುದುಕಿಯ ಮಲ ಮೂತ್ರ ತೆಗೆಯುತ್ತ, ಊರಿಗೆ ಮಾತ್ರ "ಮಗಳ ಬಂಗಲೆಯಲ್ಲಿ ಹಾಯಾಗಿದ್ದೀನಿ" ಎಂದು ಕಾಗದ ಬರೆಯುತ್ತಿದ್ದವಳು ಅವಳು. ಇಂಥ ಬುಟ್ಟಿಯನ್ನು ಓದಲು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ.

"ದಯವಿಟ್ಟು ಅವರಿಗೆ ಹೇಳ್ಬೇಡಿ" ಎಂದಳು ದಾಫಿನಾ.

"ಹೇಳೋದಾ? ಹುಚ್ಚಾ ನಿನಗೆ?" ಮಿಂಕಾಳ ಕಣ್ಣು ಹೊಳೆಯುತ್ತಿದ್ದವು. "ನನ್ನ ಮದುವೆ ದಿನ ನಮ್ಮಮ್ಮನೇ ಅತ್ತಿದ್ದಳು, ಈ ಕಿವಿಯವನನ್ನಾ ಕಟ್ಕೊಳ್ಳೋದು ಅಂತ. ನಲವತ್ತು ವರ್ಷ ಕಂಡಕಂಡವರೆಲ್ಲ ನನ್ನ ನೋಡಿ ನಕ್ಕರು. ಒಂದು ಹೆಣ್ಣು ನೊಣಾನೂ ಅವನ ಮೇಲೆ ಕೂರ್ತಿರಲಿಲ್ಲ ಕಣೇ. ಈಗ ನೋಡಿದೆಯಾ ಅಲ್ಲಿರೋರು ನನ್ನ ಹ್ಯಾಗೆ ನೋಡ್ತಿದ್ರು? ಕದಿಯೋ ಅಂಥ ಗಂಡ ಇದ್ದ ನನಗೆ! ಇದನ್ನ ನಾನು ಸುಮ್ಮನೆ ಬಿಡ್ತೀನಾ?"

ಅವಳು ಹೆಗಲಿಗಿದ್ದ ಚೀಲದಿಂದ ದೊಡ್ಡ ರೊಟ್ಟಿ, ಸಾಸೇಜು, ಇಟಲಿಯ ಬಿಸ್ಕತ್ತು ತೆಗೆದು ದಾಫಿನಾಳ ಬುಟ್ಟಿಗೆ ತುರುಕತೊಡಗಿದಳು. ಒಂದೊಂದು ತುರುಕುವಾಗಲೂ ಒಂದೊಂದು ಕೂಗು: "ನಾಚಿಕೆ ಇಲ್ವಾ! ಏನು ಮದ್ದು ಹಾಕಿದೆ ಅವನಿಗೆ! ಅಂಥ ಗಂಡಸನ್ನ!" ನಡುವೆ ಪಿಸುಮಾತು: "ಹೊರಗೆ ಹೋದಾಗ ಅಳು. ಚೆನ್ನಾಗಿ ಅಳು. ಮತ್ತೆ ಈ ಶೂ ಬಿಸಾಕು. ನನ್ನ ಗಂಡ ಇಟ್ಕೊಂಡವಳು ಅಂದ್ರೆ ಇಂಥ ಶೂ ಹಾಕ್ಕೋತಾಳಾ? ಜನ ಏನಂದಾರು?"

ಅಳು ಎಂದು ಹೇಳುವ ಅಗತ್ಯವೇ ಇರಲಿಲ್ಲ. ದಾಫಿನಾ ಮರದ ಹಿಂದಿನಿಂದ ಬಂದಾಗ ನಿಜವಾಗಿಯೂ ಬಿಕ್ಕುತ್ತಿದ್ದಳು. ಜನ ದಾರಿ ಬಿಟ್ಟು ನಿಂತರು. ಯಾರ ಬಾಯಲ್ಲೂ "ಪಾಪ" ಎಂಬ ಶಬ್ದವಿರಲಿಲ್ಲ.

ಆ ಬೇಸಿಗೆ ದಾಫಿನಾ ಊರಿನ ಅತ್ಯಂತ ಪ್ರಸಿದ್ಧ ಹೆಂಗಸಾದಳು. ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ನಿಂತರೆ ಪಿಸುಪಿಸು. ಗಂಡಸರು ಅವಳನ್ನು ಎರಡನೇ ಸಲ ನೋಡಿ, ಅವಳಲ್ಲಿ ಅಂಥದ್ದೇನಿದೆಯೆಂದು ತಿಳಿಯದೆ ಮೂರನೇ ಸಲವೂ ನೋಡುತ್ತಿದ್ದರು. ಅವಳು ತುಟಿಗೆ ಬಣ್ಣ ಹಚ್ಚಿಕೊಂಡು, ಬೇಕೆಂದೇ ಊರ ಚೌಕದ ನಡುವೆ ನಡೆಯುತ್ತಿದ್ದಳು. ಹರಿದ ಶೂ ಕೂಡ ಈಗ ಬಡತನವಲ್ಲ. ಪ್ರೇಮದಲ್ಲಿ ಸರ್ವಸ್ವ ಕಳಕೊಂಡವಳ ಶೂ. ಒಂದೇ ಒಂದು ಸಮಸ್ಯೆ ಇತ್ತು, ಅದು ತಿಳಿಯಲು ಮೂರು ವಾರ ಹಿಡಿಯಿತು.

ಎಲ್ಕಾಳ ಮೈದುನನ ನಲವತ್ತನೇ ದಿನ. ದಾಫಿನಾ ಕಪ್ಪು ಶಾಲು ಹೊದ್ದು ಹೋದಳು. ಎಲ್ಕಾ ತಟ್ಟೆ ಹಿಡಿದು ಸಾಲಿನುದ್ದಕ್ಕೂ ಕೊಡುತ್ತ ಬಂದಳು. ದಾಫಿನಾಳ ಮುಂದೆ ಬಂದಾಗ ಅವಳ ಆಚೆಯವಳಿಗೆ ಕೊಟ್ಟಳು. "ಇಂಥವರ ಕೈಗೆ ಕೊಟ್ರೆ ಸತ್ತವರಿಗೆ ಮುಟ್ಟಲ್ಲ" ಎಂದಳು, ಗೋಡೆಗೆ ಹೇಳುವಂತೆ. ಮುಂದಿನ ಮನೆಯಲ್ಲಿ ಬಾಗಿಲೇ ತೆರೆಯಲಿಲ್ಲ. ಇನ್ನೊಂದು ಮನೆಯಲ್ಲಿ ವಿಧವೆ, "ನಿಮಗೂ ನನ್ನ ಯಜಮಾನರಿಗೂ ಏನು ಪರಿಚಯ?" ಎಂದು ಕೇಳಿದ ರೀತಿಗೆ ದಾಫಿನಾ ಮೆಟ್ಟಿಲು ಇಳಿದು ಬಂದಳು. ಕಾರ್ಖಾನೆಯಲ್ಲಿ ಜೊತೆಗಿದ್ದೆ ಎಂಬ ಮಾತಿಗೆ ಊರಿನಲ್ಲಿ ಹೊಸ ಅರ್ಥ ಹುಟ್ಟಿಕೊಂಡಿತ್ತು. ಅವಳನ್ನು ಯಾರೂ ಬಡವಿ ಅನ್ನುತ್ತಿರಲಿಲ್ಲ. ಊಟಕ್ಕೆ ಕೂರು ಎಂದೂ ಅನ್ನುತ್ತಿರಲಿಲ್ಲ.

"ಬಡವಿ ಆಗಿದ್ದಾಗ ಹೊಟ್ಟೆ ತುಂಬ್ತಿತ್ತು, ಅಲ್ವಾ ಮೇಸ್ತ್ರಿಯಮ್ಮಾ?" ಎಂದು ಸೆವ್ದಾ ಒಂದು ದಿನ ಮಾರುಕಟ್ಟೆಯಲ್ಲಿ ಕೇಳಿದಳು.

"ನಾನು ಯಾವತ್ತೂ ಬಡವಿ ಆಗಿರಲಿಲ್ಲ."

"ಹೌದೌದು. ಸೊಂಟ ಮಾತ್ರ ಚೆನ್ನಾಗಿ ಇಳಿದಿದೆ. ಹಾರಲಾಂಪಿ ನೋಡಿದ್ರೆ ಎದ್ದು ಕೂರ್ತಿದ್ದ."

ನವೆಂಬರ್ ಹೊತ್ತಿಗೆ ಕೋಟು ಅವಳ ಮೈಮೇಲೆ ಗೂಟಕ್ಕೆ ತೂಗುಹಾಕಿದಂತಿತ್ತು. ಆದರೂ ಸತ್ತವರ ಶನಿವಾರಕ್ಕೆ ಅವಳು ಒಂದು ನಿರ್ಧಾರ ಮಾಡಿದ್ದಳು: ಈ ಸಲ ತಗೊಳ್ಳುವುದೇ ಇಲ್ಲ, ಬರೀ ಕೊಡುವುದು. ಕೊಡುವವಳ ಮುಂದೆ ಯಾವ ಎಲ್ಕಾ ತಾನೇ ಏನು ಹೇಳಿಯಾಳು? ಕೋಟಿನ ನರಿ ತುಪ್ಪಳ ಬಿಚ್ಚಿ ಮಾರಿದಳು. ಗೋಧಿ, ಸಕ್ಕರೆ, ಆಕ್ರೋಟು ತಂದಳು. ಎರಡು ದಿನ ತಾನು ಬರೀ ಚಹಾ ಕುಡಿದು, ದೊಡ್ಡ ಬೋಗುಣಿ ತುಂಬ ಗೋಧಿ ಬೇಯಿಸಿ, ಮೇಲೆ ಸಕ್ಕರೆ ಪುಡಿಯಲ್ಲಿ ಶಿಲುಬೆ ಬಿಡಿಸಿದಳು. ಅದರ ವಾಸನೆಗೆ ಕಣ್ಣಿಗೆ ಕತ್ತಲೆ ಕವಿಯಿತು, ಆದರೂ ಒಂದು ಕಾಳೂ ಬಾಯಿಗೆ ಹಾಕಲಿಲ್ಲ. ಈ ವಿಷಯದಲ್ಲಿ ಅವಳನ್ನು ನೋಡಿ ನಾನು ನಗಲಾರೆ.

ಮಿಂಕಾ ಇಟಲಿಗೆ ಹೋಗಿ ಆಗಿತ್ತು. ದಾಫಿನಾ ಬೆಳಿಗ್ಗೆ ಎಂಟಕ್ಕೇ ಹಾರಲಾಂಪಿಯ ಪಕ್ಕ ನಿಂತು, ಕಾಗದದ ಲೋಟಗಳಲ್ಲಿ ಗೋಧಿ ತುಂಬಿಸಿ ಹೋಗಿಬರುವವರಿಗೆ ಚಾಚಿದಳು. ಮೊದಲನೆಯವಳು ಕೈಗೆ ಗ್ಲೌಸು ಹಾಕಿಕೊಂಡಿದ್ದೇನೆ ಎಂದಳು. ಎರಡನೆಯವಳಿಗೆ ಸಕ್ಕರೆ ಕಾಯಿಲೆ. ಮೂರನೆಯವಳು ಗಂಡನನ್ನು ಆಚೆ ಸಾಲಿನಿಂದ ಸುತ್ತು ಬಳಸಿ ಕರೆದುಕೊಂಡು ಹೋದಳು. ಮಧ್ಯಾಹ್ನವಾಯಿತು, ಮಂಜು ಇಳಿಯಿತು, ಬೋಗುಣಿಯ ಶಿಲುಬೆಯ ಒಂದು ಮೂಲೆ ಮಾತ್ರ ಮುಕ್ಕಾಗಿತ್ತು. ಸತ್ತವರಿಗೆಂದು ತಂದ ಗೋಧಿಯನ್ನು ಯಾರೂ ಮುಟ್ಟದೆ ಮನೆಗೆ ಹೊತ್ತೊಯ್ಯುವುದೆಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಇಟ್ಟುಕೊಂಡವಳು ಅನ್ನಿಸಿಕೊಳ್ಳುವುದೂ ಅದಕ್ಕಿಂತ ಸಣ್ಣದೇ. ಎಲ್ಕಾ ಗೆಳತಿಯರ ಜೊತೆ ಎದುರಿನ ಬೆಂಚಿನಲ್ಲಿ ಕುಳಿತು ಅದನ್ನೇ ಕಾಯುತ್ತಿದ್ದಳು. ಕೊಡಲು ಹೋದರೆ ತಗೊಳ್ಳುವವರಿಲ್ಲದವಳು ಬಡವಿಯಲ್ಲದೆ ಇನ್ಯಾರು ಎಂದು ಅವಳು ಆಗಲೇ ಲೆಕ್ಕ ಹಾಕುತ್ತಿರಬೇಕು. ತಲೆ ಒಂದು ಕಡೆಗೆ ವಾಲತೊಡಗಿತ್ತು.

ಎರಡು ಗೋರಿ ಆಚೆ ಸೆವ್ದಾ ಬಕೆಟ್ ಮಗುಚಿ ಅದರ ಮೇಲೆ ಕುಳಿತಿದ್ದಳು. ಮಡಿಲಲ್ಲಿ ಒಂದು ಡಬ್ಬಿ.

"ಏ, ಬಾ ಇಲ್ಲಿ, ತಗೋ" ಎಂದಳು ದಾಫಿನಾ, ಎಂದಿನ ಮೇಸ್ತ್ರಿಯ ದನಿಯಲ್ಲಿ.

"ನಂಗೆ ಹೊಟ್ಟೆ ತುಂಬಿದೆ."

"ಸುಳ್ಳು ಹೇಳ್ಬೇಡ. ನೀನು ಯಾವತ್ತು ಬೇಡ ಅಂದಿದ್ದೀಯಾ?"

"ಇವತ್ತು ಅಂತೀನಿ." ಸೆವ್ದಾ ಉಗುರಿನಲ್ಲಿ ಹಲ್ಲು ಕೆದಕಿಕೊಂಡಳು. "ಹದಿನಾಲ್ಕು ವರ್ಷ ಆಯ್ತು ಮೇಸ್ತ್ರಿಯಮ್ಮಾ. ಪ್ರತಿ ಸಲ ನಮ್ಮವ್ವನ ಹೆಸರಲ್ಲಿ ಇಲ್ಲಿಗೆ ಗೋಧಿ ತರ್ತೀನಿ. ನೀವೆಲ್ಲ ಪಕ್ಕದಲ್ಲೇ ಓಡಾಡ್ತೀರಾ. ಒಬ್ಬರಾದ್ರೂ ನನ್ನ ಕೈಯಿಂದ ಒಂದು ಕಾಳು ತಗೊಂಡಿದ್ದೀರಾ? ನಾನೇ ತಿಂದು, ನಾನೇ ದೇವರು ಕ್ಷಮಿಸಲಿ ಅಂದ್ಕೊಂಡು ಮನೆಗೆ ಹೋಗ್ತೀನಿ. ನೀವೂ ಹಾಗೇ ಮಾಡಿ. ಅಭ್ಯಾಸ ಆಗತ್ತೆ."

ದೂರದಲ್ಲಿ ಕಾವಲುಗಾರ ಗೇಟಿನ ಬೀಗದ ಕೈ ಅಲ್ಲಾಡಿಸಿದ. ದಾಫಿನಾ ಲೋಟ ಹಿಡಿದ ಕೈ ನೀಡಿಕೊಂಡೇ ನಿಂತಿದ್ದಳು. ಜೀವಮಾನದಲ್ಲಿ ಯಾರ ಮುಂದೂ ಬೇಡಿರದ ಹೆಂಗಸು, ಬೇಡಬಾರದೆಂದೇ ಒಬ್ಬ ಸತ್ತವನನ್ನು ಕದ್ದಿದ್ದಳು, ಹಾದರದ ಹೆಸರು ಹೊತ್ತಿದ್ದಳು.

"ಸೆವ್ದಾ" ಎಂದಳು. "ತಗೊಳ್ಳೇ. ನಿನ್ನ ಬೇಡ್ಕೋತೀನಿ."

ಬೆಂಚಿನವರೆಗೂ ಕೇಳಿಸಿತು. ಸೆವ್ದಾ ಎದ್ದು ಬಂದಳು. ಕೈಯನ್ನು ಸ್ಕರ್ಟಿಗೆ ಒರೆಸಿಕೊಂಡು ಲೋಟ ತಗೊಂಡಳು.

"ಯಾರ ಹೆಸರಲ್ಲಿ? ಈ ಕಿವಿಯವನದ್ದಾ?"

"ಅಲ್ಲ. ನಮ್ಮಮ್ಮನ ಹೆಸರಲ್ಲಿ. ಬೋಯ್ಕಾ."

"ಎಲ್ಲಿದ್ದಾಳೆ?"

"ನೀರಿನಡಿ."

ಸೆವ್ದಾ ಏನೂ ತಮಾಷೆ ಮಾಡಲಿಲ್ಲ. ಬಾಯಿ ತುಂಬ ತಿಂದಳು. "ಬೋಯ್ಕಾನ ದೇವರು ಕ್ಷಮಿಸಲಿ" ಎಂದಳು, ಲೋಟದ ತಳ ನೆಕ್ಕಿದಳು, ಇನ್ನೊಂದು ಕೇಳಿದಳು. ಆಮೇಲೆ ತನ್ನ ಡಬ್ಬಿ ತೆರೆದು, ಒಂದು ಚಮಚ ಗೋಧಿಯನ್ನು ದಾಫಿನಾಳ ಮುಖದ ಮುಂದೆ ಹಿಡಿದಳು. "ಇದು ನಮ್ಮವ್ವಂದು. ರೈನಾ ಅಂತ ಹೆಸರು."

ಎಲ್ಕಾ ಬೆಂಚಿನಿಂದ ಎದ್ದು ನಿಂತಿದ್ದಳು. ರೋಮಾ ಹೆಂಗಸಿನ ಚಮಚಕ್ಕೆ ಬಾಯೊಡ್ಡಿದವಳಿಗೆ ನಮ್ಮೂರಿನಲ್ಲಿ ಇಳಿಯಲು ಇನ್ನೊಂದು ಮೆಟ್ಟಿಲು ಇರಲಿಲ್ಲ. "ಅಯ್ಯೋ ಪಾಪ!" ಎಂದು ಕೊನೆಗೂ ಅವಳ ಬಾಯಿಂದ ಹೊರಬಿತ್ತು, ಇಡೀ ಆರನೇ ವಿಭಾಗಕ್ಕೆ ಕೇಳುವಂತೆ.

ದಾಫಿನಾ ಆ ಕಡೆ ನೋಡಲಿಲ್ಲ. ಎರಡು ದಿನದ ಹಸಿವಿತ್ತು. ಬಾಯಿ ತೆರೆದಳು, ಅಗಿದಳು, ನುಂಗಿದಳು. "ರೈನಾನ ದೇವರು ಕ್ಷಮಿಸಲಿ" ಎಂದಳು. ಇನ್ನೊಂದು ಚಮಚಕ್ಕೆ ತಾನೇ ಕೈ ಹಾಕಿದಳು.

"ಸಕ್ಕರೆ ಜಾಸ್ತಿಯಾಯ್ತು" ಎಂದಳು.

"ನನ್ನ ದುಡ್ಡಿನ ಸಕ್ಕರೆ. ತೆಪ್ಪಗೆ ತಿನ್ನು" ಎಂದಳು ಸೆವ್ದಾ.